ಸೀಸೆಯಲ್ಲಿ ಸೀಸ

ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು.
ಎಡಗಡೆ ಹಲಗೆಯ ಮೇಲೆ ಆರ್ಡಿಸ್‌ಳ ಜಾಮು, ಕಾಡುಚೆರ್ರಿಯದು.
ಬಲಗಡೆ ನನ್ನ ಗುಂಡು.
ಸೀಸೆಗಳು ಅವಳವೇ, ಖಾಲಿಯಾದಂತೆ ನನ್ನ ಪಾಲಿಗೆ ಬರುತ್ತವೆ;
ಬೇಸಿಗೆಗೊಂದು ಜಗಳ ತಪ್ಪಿದ್ದಲ್ಲ,
ಯಾರು ಯಾರ ಸೀಸೆ ಕದ್ದರೆಂದು.

ಗ್ಲೆಂಡೈವಿನ ವಾರಪತ್ರಿಕೆ ಬಾಗಿಲು ಹಾಕಿದಾಗ,
ಮೂವತ್ತೊಂದು ವರ್ಷ ಅಲ್ಲಿ ಸಾಲು ಎರಕ ಹೊಯ್ದವನಿಗೆ
ಬಾಕಿ ಸಂಬಳದ ಬದಲು ಲೈನೋಟೈಪ್ ಲೋಹ ಕೊಟ್ಟರು,
ಪಿಕಪ್ಪಿನ ಹಿಂದಿನ ಗಾಲಿ ಕೂತುಹೋಗುವಷ್ಟು.
ಸತ್ತವರು, ಮದುವೆಯಾದವರು, ತಪ್ಪಿಸಿಕೊಂಡ ಹಸು, ಗೋಧಿಯ ದರ,
ಎಲ್ಲ ಕನ್ನಡಿಯೊಳಗಿನ ಹಾಗೆ ತಿರುಗುಮುರುಗು.
ಅಕ್ಷರಕ್ಕೆ ಅಳಿವಿಲ್ಲ ಅಂತಾರೆ.
ನಾನು ಕರಗಿಸಿ ನೋಡಿದ್ದೇನೆ:
ಮೊದಲು ಅಂಚು ಮೆತ್ತಗಾಗುತ್ತದೆ, ಆಮೇಲೆ ಹೆಸರು,
ಆಮೇಲೆ ಬರೀ ಹೊಳಪು, ಮುಖ ನೋಡಿಕೊಳ್ಳಬಹುದಾದಷ್ಟು.
ಅದೂ ಅಚ್ಚು, ಇದೂ ಅಚ್ಚು.

ಚೀಟಿ ಬರೆಯದೆ ಯಾವುದನ್ನೂ ಒಳಗಿಡುವವನಲ್ಲ.
ತಾರೀಖು, ತೂಕ, ಯಾವ ಲೋಹ, ಹವೆ ಹೇಗಿತ್ತು.
‘ಮಾರ್ಚ್ ಒಂಬತ್ತು. ಹಳೇ ಟೈರುಗಳ ಸೀಸ. ಹೊರಗೆ ಹಿಮ. ಆರ್ಡಿಸ್‌ಗೆ ಹಲ್ಲುನೋವು.’
‘ಅಕ್ಟೋಬರ್ ಎರಡು. ಮೂತಿ ಸರಿಯಾಗಿ ತುಂಬಿಲ್ಲ. ಇರಲಿ.’
ಇಷ್ಟನ್ನೂ ಹಾರಿಸಿ ಮುಗಿಸುವುದಿಲ್ಲ, ಗೊತ್ತು.
ಬಲಗಣ್ಣಿಗೆ ಪೊರೆ ಬಂದಿದೆ. ಜಿಂಕೆಗಳು ಹಿತ್ತಲಿಗೇ ಬಂದು
ನನ್ನ ಲೆಟಿಸ್ ಮೇಯುತ್ತವೆ,
ಕಿಟಕಿಯಲ್ಲಿ ನಾನು ನಿಂತಿದ್ದರೂ.

ಆರು ವರ್ಷ ಮಾತು ಬಿಟ್ಟಿದ್ದ ಮಗ ವೆರ್ಲಿನ್
ಬಿಲ್ಲಿಂಗ್ಸಿನಿಂದ ಒಂದು ಭಾನುವಾರ ಬಂದಿಳಿದ,
ಟ್ರಕ್ಕಿನಲ್ಲಿ ಕಂಬಳಿ ಹೊದ್ದ ಪೆಟ್ಟಿಗೆ.
ಓಕ್ ಮರದ್ದು. ಹನ್ನೆರಡು ಡ್ರಾಯರು.
ಒಂದು ಮೊಳೆಯಿಲ್ಲ, ಮರದ ಹಲ್ಲಿಗೆ ಮರದ ಹಲ್ಲು ಕಚ್ಚಿ ಕೂತದ್ದು.
‘ನಿನ್ನ ಗುಂಡುಗಳಿಗೆ’ ಅಂದ.
ಅಷ್ಟೇ.
ಅವತ್ತೇ ರಾತ್ರಿ ಸೀಸೆಗಳನ್ನೆಲ್ಲ ಅದರೊಳಗೆ ಸುರಿದೆ,
ಮಳೆ ಬಂದಂಥ ಸದ್ದು.

ಹಿಮ ಕರಗಿದ ಮೇಲೆ ಎಳೆದು ನೋಡಿದರೆ
ಒಂದೊಂದಕ್ಕೂ ಬಿಳಿ ಬೂಷ್ಟು.
ಓಕ್ ಉಸಿರಾಡುತ್ತದೆ, ಹುಳಿ ಉಸಿರು,
ಕಡಿದು ಎಷ್ಟು ಕಾಲವಾದರೂ;
ಮುಚ್ಚಿಟ್ಟ ಜಾಗದಲ್ಲಿ ಸೀಸವನ್ನು ಮೆಲ್ಲಗೆ ತಿನ್ನುತ್ತದೆ.
ಅವನಿಗೇನು ಗೊತ್ತಿತ್ತು. ನನಗೂ ಗೊತ್ತಿರಲಿಲ್ಲ.
ಕೈಗವಸು ತೊಟ್ಟು, ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ
ಮತ್ತೆ ಸೀಸೆಗೆ ತುಂಬಲು ಮೂರು ವಾರ ಹಿಡಿಯಿತು.

ಅಂದಿನಿಂದ ಪ್ರತಿ ನವೆಂಬರಿನಲ್ಲಿ, ಟರ್ಕಿ ಒಲೆಯಲ್ಲಿ ಬೇಯುತ್ತಿರುವಾಗ,
ಅವನ ಟ್ರಕ್ಕಿನ ಸದ್ದಿಗೆ ಮೊದಲೇ ಕೆಳಗಿಳಿದು
ಡ್ರಾಯರಿಗೊಂದು ಹಿಡಿ ಹಾಕಿ ಬರುತ್ತೇನೆ.
ಅವನು ಹೊರಟ ಸಂಜೆ ಹೆಕ್ಕಿ ತೆಗೆಯುತ್ತೇನೆ.
‘ಕೋಳಿ ಮೊಟ್ಟೆಯಿಟ್ಟಿತೇ?’ ಅಂತ ಮೇಲಿನಿಂದ ಕೂಗುತ್ತಾಳೆ ಆರ್ಡಿಸ್.

ಹೋದ ಸಲ, ಅದರ ಹಿಂದಿನ ವರ್ಷದ ಹಿಡಿಯೊಂದು
ಕೆಳಗಿನ ಡ್ರಾಯರಿನಲ್ಲಿ ಉಳಿದೇಬಿಟ್ಟಿತ್ತು.
ವೆರ್ಲಿನ್ ಅದನ್ನೇ ಎಳೆದ.
ಬೆರಳಿಗೆ ಬಿಳಿ ಪುಡಿ. ಬಲ್ಬಿನ ಕೆಳಗೆ ಹಿಡಿದು ನೋಡಿದ.
ತಿರುಗಿ ಗೋಡೆಯುದ್ದದ ಸೀಸೆಗಳನ್ನು ನೋಡಿದ,
ಚೀಟಿಗಳನ್ನು ಓದಿದ, ತುಟಿ ಆಡಿಸುತ್ತ, ಚಿಕ್ಕಂದಿನ ಹಾಗೆ,
ತಾಯಿಯ ಹಲ್ಲುನೋವಿನವರೆಗೆ.
ನಾನು ಬಾಯಿ ತೆರೆದೆ. ಜಾಮಿನ ವಿಷಯ ಏನೋ ಹೇಳಿದೆ.
ಡ್ರಾಯರನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿದ, ಚೂರೂ ಸದ್ದಿಲ್ಲ,
ಅಷ್ಟು ಹದವಾದ ಕೆಲಸ.

ಮೇಲೆ ಹೋಗಿ ತಣ್ಣೀರಿನಲ್ಲಿ, ಸೋಪು ಹಚ್ಚಿ,
ಮೊಣಕೈವರೆಗೆ ತೊಳೆದುಕೊಂಡ,
ಎಂಟು ವರ್ಷದವನಿಗೆ ನಾನು ಕಲಿಸಿದ ಹಾಗೆ,
ಬ್ರೆಡ್ ಮುಟ್ಟುವ ಮೊದಲು.
ಪಕ್ಕಕ್ಕೆ ಸರಿದು ನನಗೂ ನಲ್ಲಿ ಬಿಟ್ಟುಕೊಟ್ಟ.

ಆ ರಾತ್ರಿ ಬರೆದ ಚೀಟಿ:
‘ನವೆಂಬರ್ ಕೊನೆ. ಲೈನೋಟೈಪ್, ನೂರ ಹದಿನಾಲ್ಕು.
ವೆರ್ಲಿನ್ ಹಿಡಿಕೆ ಹಿಡಿದಿದ್ದ.
ಹವೆ ಒಣ.’